ಯಾರು ಧಣಿ, ಯಾರ ದನಿ?

108ರ ದುಡಿಮೆಗಾರರು ಮತ್ತು ಸಂಘಗಳ ಪೈಪೋಟಿ

ಮಂಡ್ಯ, ಮದ್ದೂರು, ಮಳವಳ್ಳಿ ಈ ಮೂರು ಊರುಗಳ ರಸ್ತೆಗಳಲ್ಲಿ ಹಗಲೂ ರಾತ್ರಿ ಓಡುವ ಒಂದು ಗಾಡಿಯ ನಂಬರು ಸಣ್ಣ ಮಗುವಿಗೂ ಗೊತ್ತು. ಹಲಗೂರಿನ ಕಡೆ ಹೊಲದಲ್ಲಿ ಹಾವು ಕಚ್ಚಿದರೆ 108. ಕೆ.ಎಂ.ದೊಡ್ಡಿಯ ಹತ್ತಿರ ಕಬ್ಬಿನ ಗಾಡಿಗೆ ಬೈಕು ಗುದ್ದಿದರೆ 108. ಕಿರುಗಾವಲಿನಲ್ಲಿ ಬಸುರಿಗೆ ನಡುರಾತ್ರಿ ನೋವು ಬಂದರೆ 108. 2023ರ ಮಾರ್ಚ್ 12ರಂದು ಗೆಜ್ಜಲಗೆರೆಯಲ್ಲಿ ಬೆಂಗಳೂರು-ಮೈಸೂರು ಹೊಸ ಹೆದ್ದಾರಿಯ ಉದ್ಘಾಟನೆ ಆಯಿತು. ಆ ರಸ್ತೆಯಲ್ಲಿ ಸಾವು ಎಷ್ಟಾಯಿತೆಂದರೆ, ಅದೇ ವರ್ಷದ ಆಗಸ್ಟ್ 1ರಿಂದ ಬೈಕು, ಆಟೋ, ಟ್ರಾಕ್ಟರುಗಳನ್ನು ಅದರಿಂದ ಹೊರಗಿಡಬೇಕಾಯಿತು. ಇಂಥ ರಸ್ತೆಗಳ ಮೇಲೆ ಬಿದ್ದ ಅರೆಜೀವವನ್ನು ಎತ್ತಿ, ರಕ್ತ ಒರೆಸಿ, ಉಸಿರು ನಿಲ್ಲದ ಹಾಗೆ ಮಂಡ್ಯದ ದೊಡ್ಡಾಸ್ಪತ್ರೆಗೆ ಮುಟ್ಟಿಸೋರು ಇಬ್ಬರು. ಒಬ್ಬ ಗಾಡಿ ಓಡಿಸೋನು, ಇನ್ನೊಬ್ಬ ಒಳಗೆ ಕೂತು ಸೂಜಿ, ಆಕ್ಸಿಜನ್ ನೋಡೋನು.

ಗಾಡಿಯ ನಂಬರು ನಮಗೆ ಗೊತ್ತು. ಗಾಡಿಯೊಳಗಿನ ಈ ಇಬ್ಬರ ಧಣಿ ಯಾರು? ಸರ್ಕಾರವೋ, ಕಂಪನಿಯೋ? ಅವರ ಪರವಾಗಿ ಮಾತಾಡುವ ದನಿ ಯಾವುದು? ಕೆಂಪು ಬಾವುಟವೋ, ಕೇಸರಿ ಬಾವುಟವೋ, ಯಾವ ಬಾವುಟವೂ ಬೇಡವೆಂದು ತಾವೇ ಕಟ್ಟಿಕೊಂಡ ಸಂಘವೋ? ಸಂಘಗಳು ಒಂದನ್ನೊಂದು ಜಗ್ಗಾಡುವುದನ್ನು ಕಂಡಾಗ ಓದಿದವರು “ನಾಯಕರ ಹಮ್ಮು” ಅಂದು ಸುಮ್ಮನಾಗುತ್ತಾರೆ. ಹಮ್ಮು ಇರಬಹುದು. ಆದರೆ ಚರಿತ್ರೆಯ ಪುಟ ತಿರುವಿ ನೋಡಿದರೆ ಬೇರೆಯದೇ ಕಾಣುತ್ತದೆ. ತನ್ನ ದನಿಯನ್ನು ತಾನೇ ಆರಿಸಿಕೊಳ್ಳುವ ಅಧಿಕಾರವನ್ನು ಈ ದೇಶದ ಕಾನೂನು ದುಡಿಯುವವನ ಕೈಗೆ ಬಹಳ ಕಾಲ ಕೊಡಲೇ ಇಲ್ಲ. ಬಾವುಟ ಒಡೆಯುವುದಕ್ಕೆ ಮುಂಚೆಯೇ ಕೆಲಸವನ್ನು ಒಡೆದು ಇಟ್ಟಿದ್ದರು.

1

ಕಷ್ಟದ ಸುದ್ದಿ ಹೊತ್ತು ಓಡುವ ಕೆಲಸ ನಮ್ಮ ಕೇರಿಗಳಿಗೆ ಹೊಸದಲ್ಲ. ಊರಲ್ಲಿ ಸಾವಾದರೆ ನೆಂಟರ ಊರುಗಳಿಗೆ ಸುದ್ದಿ ಮುಟ್ಟಿಸಬೇಕಾದವನು ಹೊಲಗೇರಿಯವನು. ಸತ್ತ ದನ ಎಳೆಯಬೇಕಾದವನೂ ಅವನೇ. ತೋಟಿ, ತಳವಾರ, ಕುಳವಾಡಿ, ನೀರಗಂಟಿ ಎಂದು ಹೆಸರು ಹಲವು, ಹೊತ್ತುಗೊತ್ತಿಲ್ಲದ ಚಾಕರಿ ಒಂದೇ. ಕೂಲಿ ಅಂತ ಇರಲಿಲ್ಲ. ಸುಗ್ಗಿಯಲ್ಲಿ ಕಣದ ಹತ್ತಿರ ನಿಂತರೆ ಮೊರದಲ್ಲಿ ಹಾಕಿದಷ್ಟು ಆಯ. ಆ ಚಾಕರಿಯಲ್ಲಿ ಧಣಿ ಯಾರು ಎಂದು ಕೇಳಿದರೆ ಉತ್ತರ “ಊರು”. ಊರೆಲ್ಲ ಧಣಿಯಾದರೆ ಯಾವೊಬ್ಬನೂ ಬಾಕಿದಾರನಲ್ಲ. 1961ರ ಗ್ರಾಮ ಹುದ್ದೆಗಳ ರದ್ಧತಿ ಕಾಯ್ದೆ 1963ರಲ್ಲಿ ಜಾರಿಗೆ ಬಂದು ಈ ಹುದ್ದೆಗಳು ಕಾಗದದ ಮೇಲೆ ಹೋದವು. ಊರೆಲ್ಲ ಧಣಿ, ಬಾಕಿ ಯಾರದೂ ಅಲ್ಲ ಎನ್ನುವ ಆ ಏರ್ಪಾಡು ಮಾತ್ರ ಹೋಗಲಿಲ್ಲ. ಹೊಸ ಹೆಸರಿಟ್ಟುಕೊಂಡು ಆಸ್ಪತ್ರೆಯ ಬಾಗಿಲಿಗೆ ಬಂತು.

ಆಸ್ಪತ್ರೆಯಲ್ಲಿ ದುಡಿಯುವವನು ಕಾರ್ಮಿಕನೇ ಅಲ್ಲ, ಅವನದು “ಸೇವೆ” ಎಂಬ ವಾದ ಹಳೆಯದು. ಮುಂಬಯಿಯ ಜೆ.ಜೆ. ಆಸ್ಪತ್ರೆಗಳ ಇಬ್ಬರು ವಾರ್ಡ್ ಸೇವಕಿಯರನ್ನು ಕೆಲಸದಿಂದ ತೆಗೆದಾಗ ಅವರ ಸಂಘ ಕೋರ್ಟಿಗೆ ಹೋಯಿತು. 1960ರಲ್ಲಿ ಸುಪ್ರೀಂ ಕೋರ್ಟು ಆಸ್ಪತ್ರೆಯೂ ಕಾನೂನಿನ ಕಣ್ಣಿಗೆ ಒಂದು ಉದ್ದಿಮೆ ಎಂದಿತು. 1970ರಲ್ಲಿ ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಯ ಮೊಕದ್ದಮೆಯಲ್ಲಿ ಅದೇ ಕೋರ್ಟು ಅಲ್ಲ ಎಂದಿತು. ಆ ಗಂಟು ಬಿಡಿಸಿದ್ದು ನಮ್ಮ ನಾಡಿನ ನೀರು ಸರಬರಾಜಿನ ನೌಕರರು. ಬೆಂಗಳೂರು ಜಲಮಂಡಳಿ ತಮಗೆ ದಂಡ ಹಾಕಿ ಹಣ ವಸೂಲಿ ಮಾಡಿದ್ದರ ವಿರುದ್ಧ ಅವರು ಹೂಡಿದ ಮೊಕದ್ದಮೆಯಲ್ಲಿ 1978ರ ಫೆಬ್ರವರಿ 21ರಂದು ಏಳು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಬರೆದದ್ದರ ತಿರುಳು ಇಷ್ಟು: ವ್ಯವಸ್ಥಿತವಾಗಿ ನಡೆಯುವ ಕೆಲಸ, ಕೆಲಸ ಕೊಡುವವನ ಮತ್ತು ಮಾಡುವವನ ಸಹಕಾರ, ಜನರಿಗೆ ಬೇಕಾದ ವಸ್ತು ಅಥವಾ ಸೇವೆ. ಈ ಮೂರು ಇದ್ದರೆ ಅದು ಉದ್ದಿಮೆ, ಲಾಭದ ಲೆಕ್ಕ ಬೇಕಿಲ್ಲ. ಆಸ್ಪತ್ರೆಯ ಆಯಾಗೂ ಡ್ರೈವರಿಗೂ ಕಾರ್ಮಿಕ ಎಂಬ ಹೆಸರು ಗಟ್ಟಿಯಾಗಿ ಸಿಕ್ಕಿದ್ದು ಹೀಗೆ. ನಾಲ್ಕೇ ವರ್ಷಕ್ಕೆ, 1982ರಲ್ಲಿ, ಸಂಸತ್ತು ಆಸ್ಪತ್ರೆಗಳನ್ನು ಮತ್ತೆ ಹೊರಗಿಡುವ ತಿದ್ದುಪಡಿ ಮಾಡಿತು. ಆ ಭಾಗವನ್ನು ಯಾವ ಸರ್ಕಾರವೂ ಜಾರಿಗೆ ತರಲಿಲ್ಲ. ಕತ್ತಿಯನ್ನು ಒರೆಯೊಳಗೆ ಇಟ್ಟುಕೊಂಡೇ ಕಾಲ ಕಳೆದರು.

2

ಕಾರ್ಮಿಕ ಅನ್ನಿಸಿಕೊಂಡರೆ ಸಾಲದು. ಅವನ ಪರವಾಗಿ ಮೇಜಿನ ಈಚೆ ಕೂತು ಮಾತಾಡೋರು ಯಾರು? 1926ರ ಕಾರ್ಮಿಕ ಸಂಘಗಳ ಕಾಯ್ದೆಯಲ್ಲಿ ಏಳು ಜನ ಸೇರಿದರೆ ಸಂಘ ನೋಂದಾಯಿಸಬಹುದಿತ್ತು. ಆದರೆ ಆ ಸಂಘದ ಜೊತೆ ಮಾಲೀಕ ಮಾತಾಡಲೇಬೇಕು ಎಂಬ ಒಂದು ಸಾಲು ಆ ಕಾಯ್ದೆಯಲ್ಲಿ ಇರಲಿಲ್ಲ. ಹುಟ್ಟುವ ಹಕ್ಕು ಕೊಟ್ಟು ಮಾತಾಡುವ ಹಕ್ಕು ಕೊಡದ ಕಾಯ್ದೆ ಅದು. ಏಳು ಜನಕ್ಕೊಂದು ಸಂಘ ಹುಟ್ಟಬಹುದು, ಯಾವುದರ ಜೊತೆ ಮಾತಾಡಬೇಕೆಂದು ಮಾಲೀಕ ಆರಿಸಬಹುದು. ಪೈಪೋಟಿಯ ಬೀಜ ಬಿದ್ದದ್ದು ಇಲ್ಲಿ.

ಇದನ್ನು ಸರಿಯಾಗಿ ಕಂಡವರು ಬಾಬಾಸಾಹೇಬರು. 1942ರಿಂದ 1946ರವರೆಗೆ ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ಅವರ ಕೈಯಲ್ಲಿತ್ತು. ಪ್ರಾತಿನಿಧಿಕ ಸಂಘವನ್ನು ಮಾಲೀಕ ಮಾನ್ಯ ಮಾಡಲೇಬೇಕು ಎನ್ನುವ ತಿದ್ದುಪಡಿ ಮಸೂದೆಯನ್ನು ಅವರು 1943ರಲ್ಲಿ ತಂದರು, 1946ರಲ್ಲಿ ಮತ್ತೆ ತಂದರು. ಸ್ವಾತಂತ್ರ್ಯ ಬಂದ ವರ್ಷ, ಜಗಜೀವನ್ ರಾಮ್ ಕಾರ್ಮಿಕ ಸಚಿವರಾಗಿದ್ದಾಗ, ಅದು ಕಾಯ್ದೆಯಾಗಿ ಪಾಸೂ ಆಯಿತು. ಗೆಳೆಯರೆ, ಆ 1947ರ ತಿದ್ದುಪಡಿಯನ್ನು ಕೊನೆಗೂ ಜಾರಿಗೆ ತರಲಿಲ್ಲ. ಇಬ್ಬರು ದಲಿತ ಮಂತ್ರಿಗಳ ಕೈ ದಾಟಿ ಬಂದ ಒಂದು ಕಾನೂನು ಗೆಜೆಟ್ಟಿನ ಒಂದು ದಿನಾಂಕಕ್ಕೆ ಕಾದು ಕೂತು ಸತ್ತುಹೋಯಿತು. ನಮ್ಮ ಪಠ್ಯಪುಸ್ತಕಗಳಲ್ಲಿ ಈ ಸಾವಿನ ಸುದ್ದಿ ಇಲ್ಲ.

ಅದರ ಬದಲು ಬಂದದ್ದು 1958ರ ಶಿಸ್ತು ಸಂಹಿತೆ. ಒಂದಕ್ಕಿಂತ ಹೆಚ್ಚು ಸಂಘಗಳಿರುವ ಕಾರ್ಖಾನೆಯಲ್ಲಿ ಶೇ. 15ರಷ್ಟಾದರೂ ಸದಸ್ಯರಿರುವ ಸಂಘ ಮಾನ್ಯತೆ ಕೇಳಬಹುದು ಎಂದಿತು. ಆದರೆ ಅದು ಕಾನೂನಲ್ಲ, ಸಜ್ಜನರ ಒಪ್ಪಂದ. ಮಾಲೀಕ ಒಪ್ಪಿದರೆ ಉಂಟು, ಒಪ್ಪದಿದ್ದರೆ ಇಲ್ಲ. ಅಷ್ಟರಲ್ಲಿ ಬಾವುಟಗಳೂ ಹೆಚ್ಚಿದ್ದವು. 1920ರಲ್ಲಿ ಹುಟ್ಟಿದ ಎಐಟಿಯುಸಿಯ ಎದುರಿಗೆ 1947ರಲ್ಲಿ ಕಾಂಗ್ರೆಸ್ಸಿನ ಐಎನ್‌ಟಿಯುಸಿ, 1948ರಲ್ಲಿ ಎಚ್‌ಎಂಎಸ್, 1955ರಲ್ಲಿ ಬಿಎಂಎಸ್ ಬಂದವು. 1970ರಲ್ಲಿ ಎಐಟಿಯುಸಿಯೇ ಒಡೆದು ಸಿಐಟಿಯು ಆಯಿತು. ಪಕ್ಷ ಒಡೆದಾಗಲೆಲ್ಲ ಕಾರ್ಖಾನೆಯ ಗೇಟಿನ ಮುಂದೆ ಇನ್ನೊಂದು ಕಂಬ ನೆಟ್ಟರು. 1938ರಲ್ಲಿ ಶಿವಪುರದಲ್ಲಿ ನಿಷೇಧ ಮುರಿದು ಬಾವುಟ ಹಾರಿಸಿದ ತಾಲ್ಲೂಕು ನಮ್ಮ ಮದ್ದೂರು. ಒಂದು ಬಾವುಟಕ್ಕಾಗಿ ನಿಂತವರ ಮೊಮ್ಮಕ್ಕಳು ಯಾವ ಬಾವುಟ ಎಂದು ತಡಕಾಡುವ ಹಾಗಾಯಿತು.

ಆದರೂ ಒಗ್ಗಟ್ಟಿನ ಹೆಸರಿನಲ್ಲಿ ಒಳಗಿನ ಗಾಯ ಮುಚ್ಚಬಾರದು. 1928ರ ಮುಂಬಯಿ ಗಿರಣಿ ಮುಷ್ಕರ ನೆನೆಯಿರಿ. ನೇಯ್ಗೆ ವಿಭಾಗದಲ್ಲಿ ಲಾಳಿಯ ನೂಲನ್ನು ಬಾಯಿಂದ ಎಳೆಯಬೇಕಿತ್ತು. ಅಸ್ಪೃಶ್ಯನ ಎಂಜಲು ತಾಕೀತು ಎಂದು ಹೆಚ್ಚು ಕೂಲಿಯ ಆ ವಿಭಾಗಕ್ಕೆ ಅವನನ್ನು ಬಿಡುತ್ತಿರಲಿಲ್ಲ. ಇದನ್ನೂ ಬೇಡಿಕೆಯಲ್ಲಿ ಸೇರಿಸಿ ಎಂದು ಅಂಬೇಡ್ಕರ್ ಪಟ್ಟು ಹಿಡಿದರು. ಅದೇ ಅಂಬೇಡ್ಕರ್ 1938ರ ನವೆಂಬರ್ 7ರಂದು, ಮುಷ್ಕರವನ್ನೇ ಅಪರಾಧ ಮಾಡಲು ಹೊರಟ ಮಸೂದೆಯ ವಿರುದ್ಧ ಕಮ್ಯುನಿಸ್ಟರ ಜೊತೆ ಹೆಗಲು ಕೊಟ್ಟು ಮುಂಬಯಿಯಲ್ಲಿ ಮುಷ್ಕರ ನಡೆಸಿದರು. ಕೂಡುವಾಗ ಕೂಡಿದರು, ಜಾತಿಯ ಪ್ರಶ್ನೆಯನ್ನು ಮಾತ್ರ ಬಾಗಿಲ ಹೊರಗೆ ಚಪ್ಪಲಿಯಂತೆ ಬಿಟ್ಟು ಒಳಗೆ ಹೋಗಲಿಲ್ಲ.

3

ಈಗ 108ಕ್ಕೆ ಬರೋಣ. 2005ರಲ್ಲಿ ಹೈದರಾಬಾದಿನಲ್ಲಿ ಸತ್ಯಂ ಕಂಪನಿಯ ರಾಮಲಿಂಗರಾಜು ಶುರು ಮಾಡಿದ ಇಎಂಆರ್‌ಐ ಎಂಬ ಸಂಸ್ಥೆಯ ಜೊತೆ ಕರ್ನಾಟಕ ಸರ್ಕಾರ 2008ರಲ್ಲಿ ಹತ್ತು ವರ್ಷದ ಕರಾರು ಮಾಡಿಕೊಂಡಿತು. ರಾಜ್ಯೋತ್ಸವದ ದಿನ, ನವೆಂಬರ್ 1ರಂದು, “ಆರೋಗ್ಯ ಕವಚ” ಶುರುವಾಯಿತು. ಎರಡು ತಿಂಗಳು ಕಳೆದು 2009ರ ಜನವರಿಯಲ್ಲಿ ಸತ್ಯಂನ ಲೆಕ್ಕದ ಮೋಸ ಬಯಲಾಯಿತು. ಜಿವಿಕೆ ಕಂಪನಿ ಬಂದು ಸಂಸ್ಥೆ ಜಿವಿಕೆ ಇಎಂಆರ್‌ಐ ಆಯಿತು. ನಮ್ಮ ಹಳ್ಳಿಯ ಹುಡುಗನ ಧಣಿ ಹೈದರಾಬಾದಿನಲ್ಲಿ ಬದಲಾದ. ಹುಡುಗನಿಗೆ ಅದರ ಸುದ್ದಿ ಪೇಪರಿನಲ್ಲಿ ಬಂತು.

ಏರ್ಪಾಡು ಹೀಗಿತ್ತು. ದುಡ್ಡು ಸರ್ಕಾರದ್ದು. ಗಾಡಿಯ ಮೇಲಿನ ಹೆಸರು ಸರ್ಕಾರದ್ದು. ನೇಮಕ, ಪಾಳಿ, ವರ್ಗಾವಣೆ, ಸಂಬಳದ ಚೀಟಿ ಸಂಸ್ಥೆಯದು. ಡ್ರೈವರಿಗೆ “ಪೈಲಟ್” ಎಂದು ಹೆಸರಿಟ್ಟರು. ವಿಮಾನದವನ ಹೆಸರು, ಹನ್ನೆರಡು ಗಂಟೆ ಪಾಳಿ. ನೇಮಕದ ಕಾಗದ ಇಂಗ್ಲಿಷಿನಲ್ಲಿ. ಸಹಿ ಹಾಕೋದನ್ನ ಮನೆಯಲ್ಲಿ ಮೊದಲು ಕಲಿತವರು ನಾವು, ಆ ಕಾಗದ ಓದಿ ಅರ್ಥ ಹೇಳೋ ಅಪ್ಪ ನಮಗೆಲ್ಲಿದ್ದ?

ಹತ್ತು ವರ್ಷ ಮುಗಿದ ಮೇಲೂ ಹೊಸ ಟೆಂಡರು ಎಳೆದಾಡಿತು, ಮಾತು ಹೈಕೋರ್ಟಿಗೂ ಹೋಯಿತು, ಹಳೆಯ ಸಂಸ್ಥೆಯೇ ಮುಂದುವರಿಯಿತು. 2022, 2023, 2024, ವರ್ಷ ತಪ್ಪದೆ ಸಂಬಳದ ಬಾಕಿಗಾಗಿ ಮುಷ್ಕರದ ಎಚ್ಚರಿಕೆ ಕೊಡಬೇಕಾಯಿತು. ಕೇಳಲು ಹೋದಾಗ ಸಿಕ್ಕಿದ ಉತ್ತರ ಎರಡು. ಸರ್ಕಾರ ಹಣ ಬಿಟ್ಟಿಲ್ಲ ಎಂದು ಸಂಸ್ಥೆಯ ಕಡೆಯಿಂದ, ಬಿಟ್ಟಿದ್ದೇವೆ ಎಂದು ಸರ್ಕಾರದ ಕಡೆಯಿಂದ. ಆಯ ಕೇಳಲು ಹೋದ ತೋಟಿಗೆ ಪಟೇಲ ಶಾನುಭೋಗರನ್ನು ತೋರಿಸಿ, ಶಾನುಭೋಗ ಪಟೇಲರನ್ನು ತೋರಿಸಿದ ಹಾಗೆ. 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆ ಗುತ್ತಿಗೆದಾರ ಕೂಲಿ ಕೊಡದಿದ್ದರೆ ಮೂಲ ಮಾಲೀಕನೇ ಕೊಡಬೇಕೆಂದು ಹೇಳಿತ್ತು, ಈಗಿನ ಹೊಸ ಸಂಹಿತೆಯಲ್ಲೂ ಆ ಮಾತಿದೆ. ಆದರೆ ತಾನು “ಮೂಲ ಮಾಲೀಕ” ಎಂದು ಒಪ್ಪಿಕೊಳ್ಳೋರು ಯಾರು? ಕಾಯಂ ಮಾಡಿ ಎಂದರೆ 2006ರ ಉಮಾದೇವಿ ತೀರ್ಪು ತೋರಿಸುತ್ತಾರೆ. ಅದೂ ಕರ್ನಾಟಕದ್ದೇ ಮೊಕದ್ದಮೆ. ನೇಮಕಾತಿಯ ದಾರಿ ತಪ್ಪಿ ಬಂದವರಿಗೆ ಕಾಯಂ ಆಗುವ ಹಕ್ಕಿಲ್ಲ ಎಂದು ಅದು ಹೇಳಿತು. ದಾರಿ ತಪ್ಪಿಸಿದವರು ಯಾರೆಂಬ ಪ್ರಶ್ನೆ ಹಾಗೇ ಉಳಿಯಿತು.

ಇಂಥ ನೆಲದಲ್ಲಿ ಸಂಘ ಹೇಗೆ ಹುಟ್ಟುತ್ತದೆ, ಹೇಗೆ ಒಡೆಯುತ್ತದೆ ನೋಡಿ. 1933ರಲ್ಲಿ ಕಟ್ಟಿದ ಮಂಡ್ಯದ ಮೈಶುಗರ್ ಕಾರ್ಖಾನೆಗೆ ಒಂದು ಗೇಟು ಇದೆ. ಪಾಳಿ ಬಿಟ್ಟಾಗ ನೂರಾರು ಜನ ಒಟ್ಟಿಗೆ ಹೊರಗೆ ಬರುವಂಥ ಕಡೆ ಒಬ್ಬ ನಿಂತು ಮಾತಾಡಿದರೆ ಅದೇ ಸಭೆ. 108ಕ್ಕೆ ಗೇಟಿಲ್ಲ. ಮಳವಳ್ಳಿಯಲ್ಲಿ ಇಬ್ಬರು, ಮದ್ದೂರಿನಲ್ಲಿ ಇಬ್ಬರು, ಇನ್ನೊಂದು ಹೋಬಳಿಯ ಆಸ್ಪತ್ರೆಯ ಮರದ ಕೆಳಗೆ ಇಬ್ಬರು. ಒಬ್ಬ ಇಳಿಯುವಾಗ ಇನ್ನೊಬ್ಬ ಹತ್ತುತ್ತಾನೆ. ರಾಜ್ಯದ ಏಳುನೂರಕ್ಕೂ ಹೆಚ್ಚು ಗಾಡಿಗಳವರು ಒಂದು ಕಡೆ ಸೇರಬೇಕಾದರೆ ಗಾಡಿ ನಿಲ್ಲಬೇಕು, ಗಾಡಿ ನಿಂತರೆ ಜೀವ ಹೋಗುತ್ತದೆ, ಎಸ್ಮಾ ಬರುತ್ತದೆ. ಹಾಗಾಗಿ ಸಂಘ ಫೋನಿನಲ್ಲಿ ಹುಟ್ಟುತ್ತದೆ. ರಸೀದಿ ಪುಸ್ತಕ ಬೆಂಗಳೂರಿನಲ್ಲಿ ಅಚ್ಚಾಗುತ್ತದೆ. ಒಂದು ಸಂಘ ಕಾರ್ಮಿಕ ಇಲಾಖೆಗೆ ಅರ್ಜಿ ಕೊಡುತ್ತದೆ, ಏಕೆಂದರೆ ಧಣಿ ಕಂಪನಿ ಎಂದು ಅದರ ನಂಬಿಕೆ. ಇನ್ನೊಂದು ಆರೋಗ್ಯ ಮಂತ್ರಿಯ ಮನೆಗೆ ಹೋಗುತ್ತದೆ, ಏಕೆಂದರೆ ಧಣಿ ಸರ್ಕಾರ ಎಂದು ಅದರ ನಂಬಿಕೆ. ಮೇಲಿಂದ ನೋಡಿದರೆ ಇದು ಸಂಘಗಳ ಜಗಳ. ಕೆಳಗಿಂದ ನೋಡಿದರೆ ಇಬ್ಬರು ಎರಡು ಬೇರೆ ಬಾಗಿಲು ಬಡಿಯುತ್ತಿದ್ದಾರೆ, ಎರಡು ಬಾಗಿಲಿಗೂ ಒಳಗಿಂದ ಅಗಳಿ ಹಾಕಿದೆ. “ಮೊದಲು ನೀವೆಲ್ಲ ಒಂದಾಗಿ ಬನ್ನಿ” ಎಂದು ಒಳಗಿನವರು ಬುದ್ಧಿ ಹೇಳುವುದು ಇಂಥ ಹೊತ್ತಿನಲ್ಲೇ.

“ಯಾವ್ ಸಂಘ ಕಣ್ಲಾ ನಿಂದು?” ಅಂತ ಜೊತೆಗಾರನನ್ನ ಕೇಳಿದರೆ “ಯಾವ್ದಾದ್ರೇನ್ ಬುಡಣ್ಣ, ತಿಂಗ್ಳಿಗ್ ಸರ್ಯಾಗ್ ಸಂಬ್ಳ ಬಂದ್ರೆ ಸಾಕು” ಅಂತಾನೆ. ಇದು ಅಜ್ಞಾನದ ಮಾತಲ್ಲ. ಎರಡು ಕಡೆ ಚಂದಾ ಕಟ್ಟಿ ಎರಡು ಕಡೆಯಿಂದಲೂ ಬರಿಗೈಯಾದವನ ಮಾತು.

4

ಪೈಪೋಟಿ ಕೆಟ್ಟದ್ದೇ ಎಂದು ಹೇಳಿಬಿಡುವಂತಿಲ್ಲ. ಒಂದೇ ಸಂಘಕ್ಕೆ ಪಟ್ಟ ಕಟ್ಟಿದರೆ ಏನಾಗುತ್ತದೆಂದು ಮುಂಬಯಿ ತೋರಿಸಿದೆ. 1946ರ ಅಲ್ಲಿನ ಕಾಯ್ದೆ ಗಿರಣಿಗಳಲ್ಲಿ ಒಂದೇ ಸಂಘವನ್ನು ಮಾನ್ಯ ಮಾಡಿತ್ತು. 1982ರ ಜನವರಿಯಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ದತ್ತಾ ಸಾಮಂತರ ಹಿಂದೆ ಮುಷ್ಕರಕ್ಕೆ ಇಳಿದರು. ಕಾನೂನಿನ ಪ್ರಕಾರ ಅವರ ಪ್ರತಿನಿಧಿ ಮಾತ್ರ ಕಾಂಗ್ರೆಸ್ಸಿನ ಸಂಘವೇ. ಜನ ಒಂದು ಕಡೆ, ಮುದ್ರೆ ಇನ್ನೊಂದು ಕಡೆ. ಗಿರಣಿಗಳೂ ಮುಷ್ಕರವೂ ಮುಳುಗಿದವು.

ಕೂಡಿ ನಿಂತ ಮಾದರಿಯೂ ನಮ್ಮಲ್ಲಿದೆ. ಬೆಂಗಳೂರಿನ ಸಾರ್ವಜನಿಕ ಉದ್ದಿಮೆಗಳಾದ ಎಚ್‌ಎಎಲ್, ಬಿಇಎಲ್, ಎಚ್‌ಎಂಟಿ, ಐಟಿಐ, ಬಿಇಎಂಎಲ್ ಸಂಘಗಳು ಜಂಟಿ ಕ್ರಿಯಾ ರಂಗ ಕಟ್ಟಿ 1980ರ ಡಿಸೆಂಬರಿನಿಂದ 1981ರ ಮಾರ್ಚಿನವರೆಗೆ 77 ದಿನ ಕೆಲಸ ನಿಲ್ಲಿಸಿದವು. ಕೇಳಿದ್ದು ಸಿಗಲಿಲ್ಲ, ಆದರೆ ಬಾವುಟ ಬೇರೆಯಾದರೂ ಬೇಡಿಕೆ ಒಂದಾಗಬಹುದು ಎಂಬುದನ್ನು ನಾಡು ಕಂಡಿತು. ಇಂಗ್ಲೆಂಡಿನ ಆಂಬುಲೆನ್ಸ್ ನೌಕರರ ಕತೆ ಇನ್ನೂ ಹತ್ತಿರದ್ದು. 1989ರ ಸೆಪ್ಟೆಂಬರಿನಿಂದ ಆರು ತಿಂಗಳು ಐದು ಸಂಘಗಳು ಒಬ್ಬ ಮಾತುಗಾರನನ್ನು ಮುಂದಿಟ್ಟು ಹೋರಾಡಿದವು. ಸರ್ಕಾರ ಪೊಲೀಸರನ್ನೂ ಸೈನಿಕರನ್ನೂ ಗಾಡಿಗೆ ಹತ್ತಿಸಿತು. ನೌಕರರು ಬೀದಿಗಿಳಿದು ಜನರಿಂದ ನಲವತ್ತು ಲಕ್ಷಕ್ಕೂ ಹೆಚ್ಚು ಸಹಿ ತಂದರು. ಕೇಳಿದ್ದೆಲ್ಲ ಬರಲಿಲ್ಲ, ಸರ್ಕಾರ ಮೊದಲು ಕೊಡುತ್ತೇವೆಂದದ್ದಕ್ಕಿಂತ ಹೆಚ್ಚು ಬಂತು. ರೋಗಿಯನ್ನು ಕೈಬಿಟ್ಟರು ಎಂಬ ಅಪವಾದವನ್ನು ಗೆದ್ದದ್ದು ಜನರ ಸಹಿ.

ಕೂಡದೆ ಹೋದರೆ? 2021ರ ಏಪ್ರಿಲ್ 7ರಿಂದ ನಮ್ಮ ಸಾರಿಗೆ ನೌಕರರು ಆರನೇ ವೇತನ ಆಯೋಗದ ಸಂಬಳಕ್ಕಾಗಿ ಬಸ್ಸು ನಿಲ್ಲಿಸಿದರು. ಹೊಸ ನೌಕರರ ಕೂಟ ಒಂದು ಕಡೆ, ಹಳೆಯ ಫೆಡರೇಷನ್ನು ಇನ್ನೊಂದು ಕಡೆ. ಎರಡು ವಾರ ಕಳೆದು ಬಸ್ಸು ಹೊರಟಾಗ ಉಳಿದದ್ದು ವಜಾ, ಅಮಾನತು, ವರ್ಗಾವಣೆಯ ಕಾಗದಗಳು. ಅವನ್ನು ಹಿಡಿದು ಅಲೆದವನು ಮಂಡ್ಯ, ಮದ್ದೂರು ಡಿಪೋಗಳಂಥ ಕಡೆಯ ಕಂಡಕ್ಟರು, ಡ್ರೈವರು. ಆಶಾ ಕಾರ್ಯಕರ್ತೆಯರಲ್ಲೂ ಒಂದಕ್ಕಿಂತ ಹೆಚ್ಚು ಸಂಘಗಳಿವೆ. ಅವರು 2025ರ ಜನವರಿಯ ಚಳಿಯಲ್ಲಿ ಫ್ರೀಡಂ ಪಾರ್ಕಿನಲ್ಲಿ ಮಲಗಿ ಹತ್ತು ಸಾವಿರದ ಭರವಸೆ ಪಡೆದರು, ಆಗಸ್ಟಿನಲ್ಲಿ ಮತ್ತೆ ಅದೇ ನೆಲಕ್ಕೆ ಬರಬೇಕಾಯಿತು.

ಒಡೆಯೋದರಲ್ಲಿ ನಾವೇನು ಕಮ್ಮಿ? ದಲಿತ ಸಂಘರ್ಷ ಸಮಿತಿಯೂ ಹೋಳು ಹೋಳಾಯಿತು. ಅದಕ್ಕೇ ಬೇರೆಯವರಿಗೆ ಉಪದೇಶ ಹೇಳುವ ಧಾಟಿ ನಮಗೆ ಒಪ್ಪುವುದಿಲ್ಲ. ಹೇಳಬೇಕಾದ್ದು ಲೆಕ್ಕದ ಮಾತು.

5

ಆ ಲೆಕ್ಕ ಈಗ ಎದುರಿಗೆ ಬಂದು ನಿಂತಿದೆ. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯನ್ನು 2025ರ ನವೆಂಬರ್ 21ರಂದು ಜಾರಿಗೆ ತಂದರು. ಹಾಜರಿ ಪಟ್ಟಿಯಲ್ಲಿರುವವರ ಪೈಕಿ ಶೇ. 51ರಷ್ಟು ಜನರ ಬೆಂಬಲವಿರುವ ಸಂಘವೇ ಮಾತುಕತೆಯ ಏಕೈಕ ಸಂಘ. ಯಾರಿಗೂ ಅಷ್ಟು ಇಲ್ಲದಿದ್ದರೆ ಶೇ. 20ರಷ್ಟು ಬೆಂಬಲವಿರುವ ಸಂಘಗಳು ಸೇರಿ ಮಾತುಕತೆಯ ಮಂಡಳಿ. ಬಾಬಾಸಾಹೇಬರು ಕೇಳಿದ ಮಾನ್ಯತೆ ಎಂಟು ದಶಕ ತಡವಾಗಿ ಬಂದ ಹಾಗೆ ಕಾಣುತ್ತದೆ. ಆದರೆ ಅದರ ಸೆರಗಿನಲ್ಲಿ ಕಟ್ಟಿರುವುದನ್ನೂ ಬಿಚ್ಚಿ ನೋಡಿ. ಎಲ್ಲ ಕೆಲಸದವರೂ ಮುಷ್ಕರಕ್ಕೆ 14 ದಿನ ಮೊದಲು ನೋಟೀಸು ಕೊಡಬೇಕು. ಅರ್ಧದಷ್ಟು ಜನ ಒಟ್ಟಿಗೆ ರಜೆ ಹಾಕಿದರೂ ಅದು ಮುಷ್ಕರವೇ. ದಾನಧರ್ಮ, ಸಮಾಜಸೇವೆಯ ಸಂಸ್ಥೆಗಳನ್ನು “ಉದ್ದಿಮೆ”ಯಿಂದ ಹೊರಗಿಟ್ಟಿದ್ದಾರೆ. 1978ರಲ್ಲಿ ಮುಚ್ಚಿದ ಬಾಗಿಲನ್ನು ಹಿತ್ತಲ ಕಡೆಯಿಂದ ತೆರೆದಿದ್ದಾರೆ. ಲಾಭಕ್ಕಲ್ಲ, ಸೇವೆಗೆ ಎಂದು ಹೇಳಿಕೊಳ್ಳುವ ಸಂಸ್ಥೆಯ ಕೈಕೆಳಗೆ ಆಂಬುಲೆನ್ಸ್ ಓಡಿಸುವವನು ಈ ಸಾಲನ್ನು ಎರಡು ಸಲ ಓದಬೇಕು.

ಇನ್ನೂ ದೊಡ್ಡ ಪ್ರಶ್ನೆ: ಯಾರ ಹಾಜರಿ ಪಟ್ಟಿ? ಶೇ. 51 ಎಣಿಸುವುದು ಪಟ್ಟಿಯ ಮೇಲೆ, ಪಟ್ಟಿ ಇರುವುದು ಧಣಿಯ ಕೈಯಲ್ಲಿ. ಧಣಿ ಯಾರೆಂದು ತೀರ್ಮಾನವಾಗದ ಕಡೆ ಎಣಿಕೆ ಎಲ್ಲಿಂದ ಶುರು ಮಾಡೋದು? 108ನ್ನು ತಾನೇ ನಡೆಸುವುದಾಗಿ ರಾಜ್ಯ ಸರ್ಕಾರ 2025ರಲ್ಲಿ ಹೇಳಿತು. ಒಳ್ಳೆಯದು. ಆದರೆ ಸರ್ಕಾರ ನಡೆಸುವುದು ಬೇರೆ, ಸರ್ಕಾರ ಧಣಿಯೆಂದು ಒಪ್ಪುವುದು ಬೇರೆ. ನಡುವೆ ಇನ್ನೊಬ್ಬ ಏಜೆನ್ಸಿಯವನನ್ನು ಕೂರಿಸಿದರೆ ಪಟ್ಟಿ ಮತ್ತೆ ಮಾಯ.

ಆದ್ದರಿಂದ ಮೊದಲ ಬೇಡಿಕೆ ಸಂಬಳ ಏರಿಕೆಗಿಂತಲೂ ಮುಂಚಿನದು. ನೇಮಕದ ಕಾಗದ ಕನ್ನಡದಲ್ಲಿ ಬರಲಿ, ಅದರ ಮೇಲೆ ಧಣಿಯ ಹೆಸರು ಇರಲಿ, ಸಂಬಳದ ತಾರೀಕು ಇರಲಿ. ಈ ಮೂರಕ್ಕೆ ಯಾವ ಸಂಘವೂ ಬೇಡ ಎನ್ನಲಾರದು. ಮೂರು ಸಂಘಗಳಿದ್ದರೆ ಮೂವರೂ ಒಂದೇ ಅರ್ಜಿಗೆ ಸಹಿ ಹಾಕಲಿ. ಎರಡನೆಯದು ಗುಟ್ಟಿನ ಮತ. ಸಂಘಗಳ ರಸೀದಿ ಎಣಿಸುವುದರಿಂದಲೋ ಯಾರೋ ಕೊಟ್ಟ ಪಟ್ಟಿಯಿಂದಲೋ ಆಗುವ ಬಹುಮತ ಬೇಡ. ಭಾರತ ಆಹಾರ ನಿಗಮದ ಸಂಘಗಳ ಜಗಳದಲ್ಲಿ 1995ರಲ್ಲಿ ಸುಪ್ರೀಂ ಕೋರ್ಟೇ ಗುಟ್ಟಿನ ಮತದ ದಾರಿ ಹಾಕಿಕೊಟ್ಟಿದೆ. ಗಾಡಿ ನಿಲ್ಲದ ಹಾಗೆ, ಪಾಳಿ ಬದಲಾಗುವ ಹೊತ್ತಿನಲ್ಲಿ, ತಾಲ್ಲೂಕು ಆಸ್ಪತ್ರೆಯಲ್ಲೇ ಪೆಟ್ಟಿಗೆ ಇಡಬಹುದು. ಪಂಚಾಯ್ತಿ ಚುನಾವಣೆ ನಡೆಸುವ ನಾಡಿಗೆ ಇದು ದೊಡ್ಡದಲ್ಲ. ಮೂರನೆಯದು, ಗೆದ್ದ ಸಂಘದ ಮಾತುಗಾರರಲ್ಲಿ ಕೇರಿಯಿಂದ ಬಂದವನು, ಹೆಣ್ಣುಮಗಳು ಇರಬೇಕು. ಇಲ್ಲದಿದ್ದರೆ ಲಾಳಿಯ ನೂಲಿನ ಹಳೇ ಕತೆ.

ಹಳ್ಳಿಯ ಮೇಷ್ಟ್ರುಗಳಿಗೆ, ವಿದ್ಯಾರ್ಥಿಗಳಿಗೆ ಇದರಲ್ಲಿ ಒಂದು ಕೆಲಸವಿದೆ. ನಿಮ್ಮೂರಿನ ಗಾಡಿಯ ಇಬ್ಬರ ಹತ್ತಿರ ಕೂತು ಆ ನೇಮಕದ ಕಾಗದವನ್ನು ಕನ್ನಡದಲ್ಲಿ ಓದಿ ಹೇಳಿ. ಧಣಿಯ ಹೆಸರು ಎಲ್ಲಿದೆ ಎಂದು ಬೆರಳಿಟ್ಟು ತೋರಿಸಿ. ಇಲ್ಲವಾದರೆ ಇಲ್ಲ ಎಂದು ಬರೆದು, ಊರವರ ಸಹಿ ಹಾಕಿಸಿ ತಾಲ್ಲೂಕು ಕಚೇರಿಗೆ ಕೊಡಿ. ಧಣಿಯ ಹೆಸರು ಕಾಗದದ ಮೇಲೆ ಬರಲಿ. ದನಿಯನ್ನು ಅವರು ತಾವೇ ಆರಿಸಿಕೊಳ್ಳುತ್ತಾರೆ.